ಬೀಗದ ಒಳಗಿನ ಮದ್ದುಗಾರ: ಸೆರೆಮನೆಯ ಅಪಾಥೆಕರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸೆರೆಮನೆಗಳಿಗೆ ಮದ್ದಿನ ಪೆಟ್ಟಿಗೆ ಹಿಡಿದು ಹೋಗುತ್ತಿದ್ದ ಅಪಾಥೆಕರಿಗಳ ಕೆಲಸ, ಸಂಬಳ ಮತ್ತು ಜಗಳಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ವೈದ್ಯಕೀಯದ ಇತಿಹಾಸ ಓದುವಾಗ ನನ್ನನ್ನು ಹೆಚ್ಚು ಕಾಡಿದವರು ಇವರು. ಕೈದಿಗಳನ್ನು ಹೊರಗಿನಿಂದ ಬಂದು ನೋಡಿ, ಕಂಡದ್ದನ್ನು ಬರೆದು ಮೇಲಿನವರಿಗೆ ಒಪ್ಪಿಸಬೇಕಾಗಿದ್ದವರು ಹೆಚ್ಚುಕಡಿಮೆ ಇವರೊಬ್ಬರೇ. ಆ ಬರವಣಿಗೆಯೇ ಇವರ ಎಲ್ಲ ಮದ್ದಿಗಿಂತ ದೊಡ್ಡ ಮದ್ದು ಎಂಬುದು ನನ್ನ ನಂಬಿಕೆ. ಹಾಗೇಕೆ ಎಂಬುದು ಕೆಳಗಿನ ಉತ್ತರಗಳಲ್ಲಿ ತಿಳಿಯುತ್ತದೆ.

ಅಪಾಥೆಕರಿ ಎಂದರೆ ಯಾರು? ನಮ್ಮ ಕಾಂಪೌಂಡರ್ ಎನ್ನಬಹುದೇ?

ಅರ್ಧ ಮಟ್ಟಿಗೆ ಎನ್ನಬಹುದು. ತಾಲ್ಲೂಕು ಆಸ್ಪತ್ರೆಗೆ ಮನೆಯಿಂದಲೇ ಖಾಲಿ ಬಾಟಲಿ ಒಯ್ದು, ಕೆಂಪು ಮಿಕ್ಸ್ಚರ್ ತುಂಬಿಸಿಕೊಂಡು ಬಂದವರಿಗೆ ಕಾಂಪೌಂಡರ್ ಚೆನ್ನಾಗಿ ಗೊತ್ತು. ಡಾಕ್ಟರ್ ಬರೆದುಕೊಟ್ಟ ಚೀಟಿಯಂತೆ ಮದ್ದು ಬೆರೆಸಿಕೊಡುವುದು ಅವರ ಕೆಲಸ. ಅಪಾಥೆಕರಿಯೂ ಅಲ್ಲಿಂದಲೇ ಆರಂಭಿಸಿದವನು: ಬೇರು ನಾರುಗಳನ್ನು ಕುಟ್ಟಾಣಿಯಲ್ಲಿ ಕುಟ್ಟಿ, ಅರ್ಕ ಇಳಿಸಿ, ಗುಳಿಗೆ ಕಟ್ಟಿ ಮಾರುವ ಅಂಗಡಿಕಾರ. ಲಂಡನ್ನಿನಲ್ಲಿ ಇವರು ಮೊದಲು ದಿನಸಿ ವರ್ತಕರ ಸಂಘದಲ್ಲೇ ಇದ್ದರು. 1617ರಲ್ಲಿ ದೊರೆ ಒಂದನೆಯ ಜೇಮ್ಸ್ ಇವರಿಗೆ ಪ್ರತ್ಯೇಕ ಸಂಘದ ಸನ್ನದು ಕೊಟ್ಟ.

ಆದರೆ ಕಾಂಪೌಂಡರ್‌ಗೆ ಇಲ್ಲದ ಒಂದು ಹಕ್ಕನ್ನು ಅಪಾಥೆಕರಿ ಕಾಲಕ್ರಮದಲ್ಲಿ ಗಳಿಸಿಕೊಂಡ. ರೋಗಿಯ ನಾಡಿ ಹಿಡಿದು, ಇಂಥ ರೋಗ, ಇಂಥ ಮದ್ದು ಎಂದು ತಾನೇ ಹೇಳುವ ಹಕ್ಕು ಅದು. ಬಡವರಿಗೂ ಮಧ್ಯಮ ವರ್ಗದವರಿಗೂ ಅವನೇ ನಿಜವಾದ ಡಾಕ್ಟರ್. ಹಾಗಾಗಿ ಕಾಂಪೌಂಡರ್ ಮತ್ತು ಊರಿನ ವೈದ್ಯ ಇಬ್ಬರನ್ನೂ ಸೇರಿಸಿದರೆ ಅಪಾಥೆಕರಿ ಆಗುತ್ತಾನೆ.

ಆ ಹಕ್ಕು ಸುಲಭವಾಗಿ ಸಿಕ್ಕಿತೇ?

ಇಲ್ಲ, ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆಗ ಇಂಗ್ಲೆಂಡಿನಲ್ಲಿ ಚಿಕಿತ್ಸೆ ಮಾಡುವವರಲ್ಲಿ ಮೂರು ಅಂತಸ್ತುಗಳಿದ್ದವು. ಮೇಲಿನವರು ಫಿಜಿಷಿಯನ್‌ಗಳು, ವಿಶ್ವವಿದ್ಯಾಲಯದಲ್ಲಿ ಓದಿ, ಲ್ಯಾಟಿನ್ ಬಲ್ಲ ಇವರು ರೋಗಿಯನ್ನು ನೋಡಿ ಸಲಹೆ ಕೊಡುವವರೇ ಹೊರತು ಕೈ ಕೊಳೆ ಮಾಡಿಕೊಳ್ಳುವವರಲ್ಲ. ಎರಡನೆಯವರು ಸರ್ಜನ್‌ಗಳು, 1745ರವರೆಗೂ ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ದರು. ಮೂರನೆಯವರು ಅಪಾಥೆಕರಿಗಳು.

ವಿಲಿಯಂ ರೋಸ್ ಎಂಬ ಲಂಡನ್ನಿನ ಅಪಾಥೆಕರಿ ಜಾನ್ ಸೀಲ್ ಎಂಬ ಕಟುಕನಿಗೆ ಫಿಜಿಷಿಯನ್‌ನ ಚೀಟಿಯಿಲ್ಲದೆ ತಾನೇ ಮದ್ದು ಕೊಟ್ಟ. ಬಿಲ್ಲು ನೋಡಿ ಕಂಗಾಲಾದ ಸೀಲ್ ಫಿಜಿಷಿಯನ್‌ಗಳ ಕಾಲೇಜಿಗೆ ದೂರು ಕೊಟ್ಟ. ಕಾಲೇಜು ರೋಸ್‌ನ ಮೇಲೆ ದಾವೆ ಹೂಡಿ ಕೆಳಗಿನ ಕೋರ್ಟಿನಲ್ಲಿ ಗೆದ್ದಿತು. ಆದರೆ 1704ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ತಿರುಗಿಸಿತು. ಅಲ್ಲಿಂದ ಮುಂದೆ ಅಪಾಥೆಕರಿ ರೋಗಿಯನ್ನು ನೋಡಬಹುದು, ಮದ್ದು ಹೇಳಬಹುದು. ಹಣ ಕೇಳಬೇಕಾದದ್ದು ಮಾತ್ರ ಮದ್ದಿಗೆ, ಸಲಹೆಗಲ್ಲ. ಈ ಕೊನೆಯ ಷರತ್ತನ್ನು ನೆನಪಿನಲ್ಲಿಡಿ. ಸೆರೆಮನೆಯ ಸಂಬಳದ ಜಗಳಕ್ಕೆ ಬೀಜ ಬಿದ್ದದ್ದು ಇಲ್ಲಿಯೇ.

1774ರ ಸೆರೆಮನೆ ಆರೋಗ್ಯ ಕಾಯಿದೆಗೂ ಮೊದಲು ಸೆರೆಮನೆಗಳಲ್ಲಿ ವೈದ್ಯರೇ ಇರಲಿಲ್ಲವೇ?

ಕೆಲವು ಕಡೆ ಇದ್ದರು, ಬಹಳ ಕಡೆ ಇರಲಿಲ್ಲ. ಆಗಿನ ಸೆರೆಮನೆಯೆಂದರೆ ಇಂದಿನಂತೆ ಸರ್ಕಾರವೇ ನಡೆಸುವ ಸಂಸ್ಥೆಯಲ್ಲ. ಎಷ್ಟೋ ಕಡೆ ಜೈಲರ್‌ಗೆ ಸಂಬಳವೇ ಇರಲಿಲ್ಲ. ಕೈದಿಗಳಿಂದ ವಸೂಲಿ ಮಾಡುವ ಶುಲ್ಕ, ಒಳಗೇ ಮಾರುವ ಬಿಯರ್, ಹಾಸಿಗೆಯ ಬಾಡಿಗೆ ಇವೇ ಅವನ ಆದಾಯ. ನಿರ್ದೋಷಿ ಎಂದು ತೀರ್ಪಾದವನೂ ಬಿಡುಗಡೆಯ ಶುಲ್ಕ ಕಟ್ಟಲಾಗದೆ ಒಳಗೇ ಕೊಳೆಯುತ್ತಿದ್ದ. ಸಾಲಗಾರರು ಹೆಂಡತಿ ಮಕ್ಕಳ ಸಮೇತ ಒಳಗಿರುತ್ತಿದ್ದರು. ಇಂಥಲ್ಲಿ ಕಾಯಿಲೆ ಬಿದ್ದವನಿಗೆ ಮದ್ದು ಸಿಗುವುದು ಅವನ ಜೇಬನ್ನೋ ದಾನಿಗಳ ಮನಸ್ಸನ್ನೋ ಅವಲಂಬಿಸಿತ್ತು.

ಬೆಡ್‌ಫರ್ಡ್‌ಶೈರಿನ ಶೆರಿಫ್ (ಕೌಂಟಿಯ ಸೆರೆಮನೆಯ ಹೊಣೆಯೂ ಇದ್ದ ಅಧಿಕಾರಿ) ಆಗಿ 1773ರಲ್ಲಿ ನೇಮಕಗೊಂಡ ಜಾನ್ ಹೋವರ್ಡ್ ಈ ಸ್ಥಿತಿಯನ್ನು ಕಣ್ಣಾರೆ ಕಂಡರು. ಆ ಹುದ್ದೆಯಲ್ಲಿದ್ದ ಹೆಚ್ಚಿನವರಿಗೆ ಅದೊಂದು ಅಲಂಕಾರ. ಹೋವರ್ಡ್ ಮಾತ್ರ ಕುದುರೆ ಏರಿ ಊರೂರಿನ ಸೆರೆಮನೆ ಹೊಕ್ಕು, ಕೋಣೆಯ ಉದ್ದಗಲ ಅಳೆದು, ರೊಟ್ಟಿ ತೂಗಿ, ವೈದ್ಯನಿದ್ದಾನೆಯೇ, ಅವನ ಸಂಬಳವೆಷ್ಟು ಎಂದು ಬರೆದುಕೊಂಡರು. ಬಟ್ಟೆಗೆ ಹಿಡಿದ ನಾತ ತಡೆಯಲಾಗದೆ ಮುಚ್ಚಿದ ಬಂಡಿಯನ್ನೇ ಬಿಟ್ಟಿದ್ದರು. ಟಿಪ್ಪಣಿ ಪುಸ್ತಕದ ಹಾಳೆಗಳನ್ನು ಬೆಂಕಿಯ ಮುಂದೆ ಹರಡಿ ಕಾಯಿಸಿದ ಮೇಲೆಯೇ ಅದನ್ನು ಮತ್ತೆ ಬಳಸುತ್ತಿದ್ದರು. 1777ರಲ್ಲಿ ಅವರು ಪ್ರಕಟಿಸಿದ ವರದಿ ಇಲ್ಲದಿದ್ದರೆ ಇಂದು ನಾವು ಈ ಅಪಾಥೆಕರಿಗಳ ಬಗ್ಗೆ ಮಾತಾಡುವಂತೆಯೇ ಇರಲಿಲ್ಲ.

'ಜೈಲು ಜ್ವರ' ಎಂದರೆ ಟೈಫಾಯ್ಡೇ?

ಅಲ್ಲ. ಈ ಗೊಂದಲ ಬಹಳ ಜನರಿಗಿದೆ. ಅದು ಟೈಫಸ್. ಟೈಫಾಯ್ಡ್ ಹರಡುವುದು ಕೊಳೆ ಸೇರಿದ ನೀರು ಮತ್ತು ಆಹಾರದಿಂದ. ಜೈಲು ಜ್ವರವನ್ನು ಹರಡುವುದು ಬಟ್ಟೆಯ ಮಡಿಕೆಯಲ್ಲಿ ಬದುಕುವ ಕೂರೆ. ವಿಪರೀತ ಜ್ವರ, ತಲೆ ಸಿಡಿಯುವ ನೋವು, ಮೈಮೇಲೆ ಕೆಂಪು ಗಂಧೆ, ಆಮೇಲೆ ಸನ್ನಿ. ಒಗೆಯದ ಒಂದೇ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಒತ್ತೊತ್ತಾಗಿ ಮಲಗುವ ಜನರ ನಡುವೆ ಅದಕ್ಕೆ ತಡೆಯೇ ಇರಲಿಲ್ಲ.

ಈ ಜ್ವರ ಗೋಡೆಯ ಒಳಗೇ ಉಳಿದಿದ್ದರೆ ಪಾರ್ಲಿಮೆಂಟು ತಲೆ ಕೆಡಿಸಿಕೊಳ್ಳುತ್ತಿತ್ತೋ ಇಲ್ಲವೋ! ಕೈದಿಗಳನ್ನು ವಿಚಾರಣೆಗೆ ಕರೆತಂದಾಗ ಅದೂ ಜೊತೆಗೆ ಬಂತು. 1577ರಲ್ಲಿ ಆಕ್ಸ್‌ಫರ್ಡಿನ ವಿಚಾರಣೆಯ ನಂತರ ಕೆಲವೇ ವಾರಗಳಲ್ಲಿ ಸುಮಾರು 300 ಜನ ಸತ್ತರು. 1730ರಲ್ಲಿ ಟಾಂಟನ್‌ನ ವಿಚಾರಣೆಯ ನಂತರ ಮುಖ್ಯ ನ್ಯಾಯಾಧೀಶರೊಬ್ಬರು ತೀರಿಕೊಂಡರು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ನ್ಯೂಗೇಟ್ ಜೈಲಿನ ಕೈದಿಗಳಿಂದ ಸೋಂಕು ಹರಡಿ, ಲಂಡನ್ನಿನ ಮೇಯರ್ ಸ್ಯಾಮ್ಯುಯೆಲ್ ಪೆನಂಟ್, ಇಬ್ಬರು ನ್ಯಾಯಾಧೀಶರು ಸೇರಿ 50ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಹೋವರ್ಡ್ ಲೆಕ್ಕ ಹಾಕಿ ಹೇಳಿದ ಮಾತು ಇನ್ನೂ ಘೋರ: ತಾವು ತಿರುಗಾಡಿದ 1773 ಮತ್ತು 1774ರಲ್ಲಿ ಇಡೀ ದೇಶದಲ್ಲಿ ನೇಣಿಗೆ ಹೋದವರಿಗಿಂತ ಜೈಲು ಜ್ವರಕ್ಕೆ ಬಲಿಯಾದವರೇ ಹೆಚ್ಚು.

1774ರ ಕಾಯಿದೆಯಲ್ಲಿ ಅಪಾಥೆಕರಿಯ ಬಗ್ಗೆ ಏನಿತ್ತು?

ಟಾಂಟನ್‌ನ ಸಂಸದ ಅಲೆಕ್ಸಾಂಡರ್ ಪಾಪ್ಹಮ್ ತಂದ ಕಾಯಿದೆ ಇದು. 1730ರ ಸಾವುಗಳನ್ನು ಕಂಡಿದ್ದ ಊರಿನ ಪ್ರತಿನಿಧಿಯೇ ಇದನ್ನು ತಂದದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ವರ್ಷಕ್ಕೆ ಒಮ್ಮೆಯಾದರೂ ಗೋಡೆ ಕೆರೆದು ಸುಣ್ಣ ಬಳಿಯಬೇಕು, ಕೋಣೆಗಳನ್ನು ತೊಳೆಯಬೇಕು, ಗಾಳಿ ಆಡಬೇಕು, ಕಾಯಿಲೆಯ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆ ಇರಬೇಕು, ಬಿಸಿ ಮತ್ತು ತಣ್ಣೀರಿನ ಸ್ನಾನದ ತೊಟ್ಟಿ ಇರಬೇಕು. ಇಷ್ಟರ ಜೊತೆಗೆ, ಅನುಭವವುಳ್ಳ ಸರ್ಜನ್ ಅಥವಾ ಅಪಾಥೆಕರಿಯೊಬ್ಬನನ್ನು ನಿಗದಿತ ಸಂಬಳದ ಮೇಲೆ ನೇಮಿಸಬೇಕು. ಅವನು ಮೂರು ತಿಂಗಳಿಗೊಮ್ಮೆ ಸೇರುವ ಮ್ಯಾಜಿಸ್ಟ್ರೇಟರ ಸಭೆಗೆ ಕೈದಿಗಳ ಆರೋಗ್ಯದ ವರದಿ ಒಪ್ಪಿಸಬೇಕು.

ನನ್ನ ಕಣ್ಣಿಗೆ ಇಡೀ ಕಾಯಿದೆಯ ಜೀವ ಇರುವುದು ಆ ಕೊನೆಯ ಸಾಲಿನಲ್ಲಿ. ಅದುವರೆಗೆ ಒಳಗೆ ಏನಾಗುತ್ತಿದೆ ಎಂದು ಹೇಳುವವನು ಜೈಲರ್ ಒಬ್ಬನೇ. ಈಗ ಎರಡನೆಯ ಬಾಯಿ ಹುಟ್ಟಿತು. ಕಾಯಿದೆಯನ್ನು ಹಲಗೆಯ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ನೇತುಹಾಕಬೇಕೆಂಬ ವಿಧಿಯೂ ಇತ್ತು. ಹೋವರ್ಡ್ ತಮ್ಮ ಕೈಯಿಂದ ಹಣ ಹಾಕಿ ಅದನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿ ಸೆರೆಮನೆಗಳಿಗೆ ಕಳಿಸಿದರು. ಎಷ್ಟೋ ಕಡೆ ಅದು ಗೋಡೆಗೂ ಏರಲಿಲ್ಲ, ಜಾರಿಗೂ ಬರಲಿಲ್ಲ.

ಸೆರೆಮನೆಯಲ್ಲಿ ಅವರ ಕೆಲಸ ಏನೇನು?

ಹೆಚ್ಚಿನವರು ಊರಿನಲ್ಲಿ ಅಂಗಡಿ ಇಟ್ಟುಕೊಂಡು, ನಡುವೆ ಬಿಡುವು ಮಾಡಿಕೊಂಡು ಸೆರೆಮನೆಗೆ ಬರುತ್ತಿದ್ದರು. ಹೊಸದಾಗಿ ಬಂದ ಕೈದಿಗೆ ಜ್ವರವಿದೆಯೇ, ಕಜ್ಜಿಯಿದೆಯೇ ಎಂದು ನೋಡುವುದು. ಕಾಯಿಲೆಯವರನ್ನು ಬೇರೆ ಕೋಣೆಗೆ ಕಳಿಸುವುದು. ಬೇಡಿ ತಿಂದ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದು. ಯಾರ ಬೇಡಿಯನ್ನು ಸ್ವಲ್ಪ ದಿನ ಬಿಚ್ಚಬೇಕು ಎಂದು ಹೇಳುವುದು. ಬಸುರಿ ಬಾಣಂತಿಯರನ್ನು ನೋಡುವುದು. ಸೆರೆಮನೆಯಲ್ಲಿ ಯಾರು ಸತ್ತರೂ ಕಾರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ಮುಂದೆ ತನಿಖೆ ನಡೆಯಬೇಕೆಂಬ ನಿಯಮ ಹಳೆಯದು. ಅಲ್ಲಿ ಸಾವಿನ ಕಾರಣ ಹೇಳಬೇಕಾದವನೂ ಇವನೇ. ನ್ಯೂಗೇಟ್‌ನ ಜೈಲು ಸರ್ಜನ್‌ಗಳನ್ನು ಓಲ್ಡ್ ಬೇಲಿಯ ವಿಚಾರಣೆಗಳಲ್ಲಿ ಸಾಕ್ಷಿಗಳಾಗಿ ಕರೆಯುತ್ತಿದ್ದರು; ಆರೋಪಿಗೆ ಬುದ್ಧಿ ಸ್ವಾಧೀನದಲ್ಲಿತ್ತೇ ಎಂಬ ಪ್ರಶ್ನೆಗೆ ಅವರ ಮಾತು ತೂಕದ್ದಾಗಿತ್ತು.

1823ರ ಸೆರೆಮನೆ ಕಾಯಿದೆ ಬಂದ ಮೇಲೆ ವಾರಕ್ಕೆ ಕನಿಷ್ಠ ಎರಡು ಸಲ ಭೇಟಿ ಕೊಡುವುದೂ ದಿನಚರಿ ಪುಸ್ತಕ ಬರೆಯುವುದೂ ಕಡ್ಡಾಯವಾಯಿತು.

ಅವರು ಕೊಡುತ್ತಿದ್ದ ಮದ್ದಿನಿಂದ ಗುಣವಾಗುತ್ತಿತ್ತೇ?

ಕಜ್ಜಿಗೆ ಗಂಧಕದ ಮುಲಾಮು ಹಚ್ಚಿದರೆ ಖಂಡಿತ ಗುಣವಾಗುತ್ತಿತ್ತು. ನೋವಿಗೂ ಭೇದಿಗೂ ಅಫೀಮಿನ ಅರ್ಕ ಕೆಲಸ ಮಾಡುತ್ತಿತ್ತು. ಸಿಂಕೋನಾ ತೊಗಟೆ ಮಲೇರಿಯಾಕ್ಕೆ ಮದ್ದೇ ಹೌದು. ಆದರೆ ಅದೇ ತೊಗಟೆಯನ್ನು ಜೈಲು ಜ್ವರಕ್ಕೂ ಕೊಡುತ್ತಿದ್ದರು. ಅದರಿಂದ ಏನೂ ಆಗುತ್ತಿರಲಿಲ್ಲ. ಆಂಟಿಮನಿ ಬೆರೆತ ಜೇಮ್ಸ್ ಪುಡಿ ಎಂಬ ಜ್ವರದ ಮದ್ದು ಆಗ ಮನೆಮಾತು. ರಕ್ತ ತೆಗೆಯುವುದು, ಗುಳ್ಳೆ ಎಬ್ಬಿಸುವ ಲೇಪ ಹಚ್ಚುವುದು, ಪಾದರಸ ಕೊಟ್ಟು ಜೊಲ್ಲು ಸುರಿಸುವುದು ಇವು ಹಸಿದ ದೇಹವನ್ನು ಇನ್ನಷ್ಟು ಬಳಲಿಸುತ್ತಿದ್ದವು.

ಹಾಗಾದರೆ ಜೀವ ಉಳಿಸಿದ್ದು ಯಾವುದು? ಸ್ನಾನದ ತೊಟ್ಟಿ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದು ಆಗಿನವರು ನಂಬಿದ್ದರು. ಆ ನಂಬಿಕೆ ತಪ್ಪು. ಆದರೆ ಆ ತಪ್ಪು ನಂಬಿಕೆಯಿಂದಲೇ ಅವರು ಕೈದಿಯ ಬಟ್ಟೆ ಬಿಚ್ಚಿಸಿ, ಮೈ ತೊಳೆಸಿ, ಹಳೆಯ ಬಟ್ಟೆಯನ್ನು ಬಿಸಿ ಒಲೆಯಲ್ಲಿಟ್ಟು ಕಾಯಿಸಿದರು. ಕೂರೆ ಸತ್ತಿತು, ಜ್ವರ ನಿಂತಿತು. ನಿಜವಾದ ಕಾರಣ ತಿಳಿದದ್ದು 1909ರಲ್ಲಿ, ಟ್ಯೂನಿಸ್‌ನಲ್ಲಿ. ಆಸ್ಪತ್ರೆಯ ಬಾಗಿಲಲ್ಲಿ ಬಟ್ಟೆ ಕಳಚಿ ಸ್ನಾನ ಮಾಡಿಸಿದ ಮೇಲೆ ರೋಗಿಗಳಿಂದ ಯಾರಿಗೂ ಸೋಂಕು ತಗಲುವುದಿಲ್ಲ ಎಂಬುದನ್ನು ಗಮನಿಸಿ ಚಾರ್ಲ್ಸ್ ನಿಕೋಲ್ ಕೂರೆಯನ್ನು ಹಿಡಿದರು. ಮುಂದೆ ನೊಬೆಲ್ ಪಡೆದರು.

ಸಂಬಳದ ಬಗ್ಗೆ ಯಾಕೆ ಅಷ್ಟು ಜಗಳ?

ಎರಡು ಪದ್ಧತಿಗಳಿದ್ದವು. ಹೋವರ್ಡ್ ತಮ್ಮ ವರದಿಯಲ್ಲಿ ಪ್ರತಿ ಸೆರೆಮನೆಯ ಮುಂದೆ ವೈದ್ಯನ ಸಂಬಳವನ್ನು ನಮೂದಿಸುತ್ತಾರೆ. ಕೆಲವು ಕಡೆ 'ಬಿಲ್ಲು ಮಾಡುತ್ತಾನೆ' ಎಂದಷ್ಟೇ ಬರೆಯುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸ ಕೈದಿಯ ಹೊಟ್ಟೆಗೆ ಹೋಗುವ ಮದ್ದನ್ನೇ ಬದಲಿಸುತ್ತಿತ್ತು.

ಬಿಲ್ಲು ಮಾಡುವವನಿಗೆ ಬಾಟಲಿ ಹೆಚ್ಚಿದಷ್ಟೂ ಲಾಭ. ಸಲಹೆಗೆ ಕಾಸಿಲ್ಲ, ಮದ್ದಿಗೆ ಮಾತ್ರ ಎಂಬ ಹಳೆಯ ಷರತ್ತು ಅವನನ್ನು ಅತ್ತಲೇ ದೂಡುತ್ತಿತ್ತು. 'ಈ ಮನುಷ್ಯನಿಗೆ ಮದ್ದು ಬೇಡ, ಹೊಟ್ಟೆ ತುಂಬ ಊಟ ಮತ್ತು ಒಣಗಿದ ಹಾಸಿಗೆ ಕೊಡಿ' ಎಂದು ಪ್ರಾಮಾಣಿಕವಾಗಿ ಹೇಳಿದರೆ ಅವನ ಕೈಗೆ ಬರುವುದು ಸೊನ್ನೆ. ಇನ್ನೊಂದು ಕಡೆ, ಮದ್ದಿನ ಖರ್ಚೂ ಸೇರಿ ವರ್ಷಕ್ಕೆ ಇಂತಿಷ್ಟು ಎಂದು ಒಪ್ಪಿಕೊಂಡವನಿಗೆ ಪ್ರತಿ ಬಾಟಲಿಯೂ ತನ್ನ ಸಂಬಳದಿಂದ ಕಡಿತ. ಚಳಿಗಾಲದಲ್ಲಿ ಜ್ವರ ಎದ್ದರೆ ಅವನ ವರ್ಷದ ಗಳಿಕೆ ಒಂದೇ ತಿಂಗಳಲ್ಲಿ ಕರಗುತ್ತಿತ್ತು. ಒಂದು ಪದ್ಧತಿಯಲ್ಲಿ ಅತಿಮದ್ದು, ಇನ್ನೊಂದರಲ್ಲಿ ಮದ್ದೇ ಇಲ್ಲ.

ಇದರ ಮೇಲೆ ಇನ್ನೊಂದು ತಕರಾರು: ಒಪ್ಪಂದ ಯಾರಿಗೆ ಅನ್ವಯಿಸುತ್ತದೆ? ಕೆಲವು ಕಡೆ ಅಪರಾಧಿ ಕೈದಿಗಳಿಗೆ ಮಾತ್ರ. ಅದೇ ಗೋಡೆಯ ಒಳಗಿದ್ದ ಸಾಲಗಾರರನ್ನು ನೋಡುವುದು ಅವನ ಕರ್ತವ್ಯವಲ್ಲ. ಹತ್ತು ಶಿಲ್ಲಿಂಗ್ ಸಾಲಕ್ಕೆ ಒಳಗೆ ಬಂದವನಿಗೆ ದರೋಡೆಕೋರನಿಗೆ ಸಿಗುವ ಮದ್ದೂ ಸಿಗದು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸೋಂಕಿಗೆ ಹೆದರಿ ರೋಗಿಗಳನ್ನು ನೋಡಲು ನಿರಾಕರಿಸಿದವರಿದ್ದರೇ?

ಇದ್ದರು, ಅದೂ ಲಿಖಿತ ಒಪ್ಪಂದದ ಬಲದಿಂದ. ಎಕ್ಸೆಟರ್‌ನ ಕೌಂಟಿ ಸೆರೆಮನೆಯ ವೈದ್ಯ, ನೆಲಮಾಳಿಗೆಯ ಕತ್ತಲ ಕೋಣೆಗಳಲ್ಲಿ ಜೈಲು ಜ್ವರ ಬಂದವರನ್ನು ನೋಡುವುದರಿಂದ ತನಗೆ ಕರಾರಿನಲ್ಲೇ ವಿನಾಯಿತಿ ಇದೆ ಎಂದು ಹೋವರ್ಡ್‌ಗೆ ಹೇಳಿದ. ಯಾವ ರೋಗಕ್ಕಾಗಿ ಅವನನ್ನು ಇಟ್ಟುಕೊಂಡರೋ ಅದೇ ರೋಗಕ್ಕೆ ವಿನಾಯಿತಿ!

ಅವನನ್ನು ಹೇಡಿ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅವನ ಭಯ ನಿಜವಾದದ್ದು. 1752ರಲ್ಲಿ ನ್ಯೂಗೇಟ್‌ಗೆ ಸ್ಟೀಫನ್ ಹೇಲ್ಸ್ ವಿನ್ಯಾಸದ ಗಾಳಿಯಂತ್ರ ಕೂರಿಸಲು ಹೋದ ಕೆಲಸಗಾರರಲ್ಲೇ ಹಲವರು ಜ್ವರ ಹಿಡಿಸಿಕೊಂಡರು, ಮನೆಯವರಿಗೂ ಅಂಟಿಸಿದರು. ವುಸ್ಟರ್‌ನ ಯುವ ವೈದ್ಯ ಜೇಮ್ಸ್ ಜಾನ್‌ಸ್ಟನ್ 1783ರಲ್ಲಿ ಅಲ್ಲಿನ ಸೆರೆಮನೆಯ ರೋಗಿಗಳನ್ನು ನೋಡಲು ಹೋಗಿ ಅದೇ ಜ್ವರಕ್ಕೆ ಬಲಿಯಾದರು. ತಪ್ಪು ಇದ್ದದ್ದು ಅಂಥ ಕರಾರಿಗೆ ಸಹಿ ಹಾಕಿದ ಮ್ಯಾಜಿಸ್ಟ್ರೇಟರಲ್ಲಿ. ನೋಡಲು ಆಗದಂಥ ನೆಲಮಾಳಿಗೆ ಇದ್ದರೆ ಮುಚ್ಚಬೇಕಾದದ್ದು ನೆಲಮಾಳಿಗೆಯನ್ನು.

ಜೈಲರ್ ಮತ್ತು ಅಪಾಥೆಕರಿ ಹೊಂದಿಕೊಂಡು ಹೋಗುತ್ತಿದ್ದರೇ?

ಹೊಂದಿಕೊಂಡರೆ ಕೈದಿಗೆ ಕಷ್ಟ, ಹೊಂದಿಕೊಳ್ಳದಿದ್ದರೆ ಅಪಾಥೆಕರಿಗೆ ಕಷ್ಟ. ಬೀಗದ ಕೈ ಜೈಲರ್ ಬಳಿ. ಯಾರನ್ನು ಅಪಾಥೆಕರಿಯ ಮುಂದೆ ತರಬೇಕು, ಯಾರಿಗೆ 'ಏನೂ ಆಗಿಲ್ಲ' ಎನ್ನಬೇಕು ಎಂಬುದು ಅವನ ಕೈಯಲ್ಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅಪಾಥೆಕರಿ ಬರೆದ ವೈನ್, ಮಾಂಸದ ಸಾರು, ಕಂಬಳಿ ರೋಗಿಯವರೆಗೆ ತಲುಪಬೇಕಾದರೆ ಜೈಲರ್ ಮನಸ್ಸು ಮಾಡಬೇಕು. ಒಳಗೆ ಹೆಂಡ ಮಾರಿ ಬದುಕುವ ಜೈಲರ್‌ಗೆ 'ಕುಡಿತದಿಂದ ಕಾಯಿಲೆ ಹೆಚ್ಚುತ್ತಿದೆ' ಎಂಬ ವರದಿ ಹೊಟ್ಟೆಯ ಮೇಲೆ ಹೊಡೆದಂತೆ.

ಹೊಗೆ ಹಾಕುವ ವಿಚಾರದಲ್ಲಿ ದೊಡ್ಡ ವಿವಾದ ಆಯಿತಂತೆ, ಏನದು?

1780ರಲ್ಲಿ ವಿಂಚೆಸ್ಟರ್‌ನಲ್ಲಿ ಸ್ಪೇನಿನ ಯುದ್ಧಕೈದಿಗಳ ನಡುವೆ ಜೈಲು ಜ್ವರ ಎದ್ದಾಗ ಸರ್ಕಾರ ಜೇಮ್ಸ್ ಕಾರ್ಮೈಕಲ್ ಸ್ಮಿತ್ ಎಂಬ ವೈದ್ಯರನ್ನು ಕಳಿಸಿತು. ಅವರು ಪೆಟ್ಲುಪ್ಪಿನ ಮೇಲೆ ಗಂಧಕಾಮ್ಲ ಸುರಿದು ಏಳುವ ನೈಟ್ರಿಕ್ ಆಮ್ಲದ ಹೊಗೆಯನ್ನು ಕೋಣೆಗಳಿಗೆ ಹಾಯಿಸಿದರು. 1802ರಲ್ಲಿ ಪಾರ್ಲಿಮೆಂಟು ಅವರಿಗೆ 5,000 ಪೌಂಡ್ ಬಹುಮಾನ ಕೊಟ್ಟಿತು. ಆಗ ಎದ್ದಿತು ಜಗಳ.

ಮೇಲೆ ಹೇಳಿದ, ಜೈಲು ಜ್ವರದಿಂದ ಸತ್ತ ಯುವ ಜಾನ್‌ಸ್ಟನ್ ಅವರ ತಂದೆಯ ಹೆಸರೂ ಜೇಮ್ಸ್ ಜಾನ್‌ಸ್ಟನ್. ಆ ತಂದೆ 1750ರ ದಶಕದಲ್ಲೇ ಅಡುಗೆಯ ಉಪ್ಪಿನಿಂದ ಎಬ್ಬಿಸಿದ ಆಮ್ಲದ ಆವಿಯನ್ನು ಇದೇ ಕೆಲಸಕ್ಕೆ ಬಳಸಿದ್ದರು ಎಂದು ಇನ್ನೊಬ್ಬ ಮಗ ಜಾನ್ ಜಾನ್‌ಸ್ಟನ್ ಪ್ರಕಟಣೆ ಹೊರಡಿಸಿದರು. ಫ್ರಾನ್ಸಿನಲ್ಲಿ ಗೀಟನ್ ದ ಮೊರ್ವೋ 1773ರಲ್ಲಿ ದಿಜೋನ್ ನಗರದಲ್ಲಿ ಅಂಥದೇ ಹೊಗೆ ಹಾಕಿದ್ದರೆಂಬ ಹಕ್ಕುಸಾಧನೆ ಇನ್ನೊಂದು ಕಡೆಯಿಂದ ಬಂತು. ಮಗನೊಬ್ಬನನ್ನು ಅದೇ ರೋಗಕ್ಕೆ ಕಳೆದುಕೊಂಡ ಮನೆತನಕ್ಕೆ ಆ ಬಹುಮಾನದ ಸುದ್ದಿ ಎಷ್ಟು ಕಹಿಯಾಗಿರಬೇಕು ಎಂದು ಯೋಚಿಸಿದರೆ ಈ ಜಗಳ ಬರಿಯ ಹೆಸರಿನ ಹಂಬಲವಾಗಿ ಕಾಣುವುದಿಲ್ಲ. ಜನ ಉಸಿರಾಡುವ ಕೋಣೆಯಲ್ಲಿ ಹಾಕಬಹುದಾದಷ್ಟು ತೆಳು ಹೊಗೆಯಿಂದ ಬಟ್ಟೆಯೊಳಗಿನ ಕೂರೆ ಸಾಯುವುದು ಅನುಮಾನ. ಹೊಗೆಯ ಜೊತೆಗೆ ನಡೆದ ತೊಳೆಯುವಿಕೆಯೇ ಹೆಚ್ಚಿನ ಕೆಲಸ ಮಾಡಿರಬೇಕು.

ಮಿಲ್‌ಬ್ಯಾಂಕ್ ಪ್ರಕರಣ ಎಂದರೇನು? ಎಲ್ಲರೂ ಅದನ್ನೇ ಏಕೆ ಉಲ್ಲೇಖಿಸುತ್ತಾರೆ?

ಊಟ ಕಡಿಮೆ ಮಾಡಿದ್ದರ ಫಲವನ್ನು ವೈದ್ಯರು ಕಾಗದದ ಮೇಲೆ ತೋರಿಸಿಕೊಟ್ಟ ಪ್ರಕರಣ ಇದು. ಥೇಮ್ಸ್ ದಂಡೆಯ ಜೌಗು ನೆಲದ ಮೇಲೆ ಕಟ್ಟಿದ ಮಿಲ್‌ಬ್ಯಾಂಕ್ 1816ರಲ್ಲಿ ತೆರೆಯಿತು. ಹೊಸ ಮಾದರಿಯ ಸೆರೆಮನೆ. ಬೆಳಕು, ಗಾಳಿ, ಶುಚಿತ್ವ ಎಲ್ಲ ಇತ್ತು. ಕೈದಿಗಳಿಗೆ ಊಟ ಅತಿಯಾಯಿತು, ಹೊರಗಿನ ಬಡವನಿಗಿಂತ ಇವರೇ ಸುಖವಾಗಿದ್ದಾರೆ ಎಂದು ದೂರುಗಳೆದ್ದವು. 1822ರ ಜುಲೈನಲ್ಲಿ ಊಟವನ್ನು ಕಡಿತಗೊಳಿಸಿದರು. ಗಟ್ಟಿ ಮಾಂಸ ಹೋಯಿತು. ಅದರ ಬದಲಿಗೆ ಎತ್ತಿನ ತಲೆ ಬೇಯಿಸಿದ ಸಾರು ಬಂತು, ನೂರು ಗಂಡಸರಿಗೆ ಒಂದು ತಲೆಯ ಲೆಕ್ಕದಲ್ಲಿ. ಆಲೂಗಡ್ಡೆಯೂ ಇಲ್ಲವಾಯಿತು.

ಚಳಿಗಾಲ ಮುಗಿಯುವಷ್ಟರಲ್ಲಿ ಕೈದಿಗಳು ಸೊರಗಿದರು, ಕಾಲಿನ ಮೇಲೆ ನೇರಳೆ ಕಲೆಗಳೆದ್ದವು, ವಸಡು ಊದಿತು, ರಕ್ತಭೇದಿ ಶುರುವಾಯಿತು. 1823ರಲ್ಲಿ ಇಬ್ಬರು ಫಿಜಿಷಿಯನ್‌ಗಳನ್ನು ಹೊರಗಿನಿಂದ ಕರೆಸಿದರು: ಪೀಟರ್ ಮಾರ್ಕ್ ರೋಜೆ ಮತ್ತು ಪೀಟರ್ ಮಿಯರ್ ಲೇಥಮ್. ಮುಂದೆ ಸಮಾನಾರ್ಥಕ ಪದಗಳ ಕೋಶದಿಂದ ಲೋಕಪ್ರಸಿದ್ಧರಾದ ರೋಜೆ ಇವರೇ. ಅರ್ಧಕ್ಕಿಂತ ಹೆಚ್ಚು ಕೈದಿಗಳಿಗೆ ರೋಗ ತಗಲಿತ್ತು. ಜೌಗು ನೆಲವೇ ಕಾರಣ ಎಂಬ ವಾದ ಬಲವಾಗಿತ್ತು. ಆದರೆ ಅದೇ ನೆಲದ ಮೇಲೆ ಬದುಕುತ್ತಿದ್ದ ಸಿಬ್ಬಂದಿಗೂ ಅವರ ಮನೆಯವರಿಗೂ ಏನೂ ಆಗಿರಲಿಲ್ಲ. ಲೇಥಮ್ ಗಮನಿಸಿದ ಇನ್ನೊಂದು ಸಂಗತಿ ಇಡೀ ವಾದವನ್ನು ಮುಗಿಸುವಂಥದು: ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಕೈದಿಗಳು ಹೆಚ್ಚುಕಡಿಮೆ ಎಲ್ಲರೂ ಆರೋಗ್ಯವಾಗಿದ್ದರು. ಅವರಿಗೆ ರೊಟ್ಟಿ ಹೆಚ್ಚಿಗೆ ಸಿಗುತ್ತಿತ್ತು.

ಮಾಂಸ ಮರಳಿ ಬಂತು, ಕಿತ್ತಳೆ ಹಣ್ಣು ಕೊಟ್ಟರು. ಸ್ಕರ್ವಿ, ಅಂದರೆ ಹಣ್ಣು ತರಕಾರಿ ಸಿಗದೆ ವಸಡು ಊದಿ ಕಲೆ ಏಳಿಸುವ ಆ ರೋಗ, ಇಳಿಯಿತು. ಆದರೆ ಭೇದಿ ಮತ್ತೆ ಎದ್ದಿತು, ಫಿಜಿಷಿಯನ್‌ಗಳು ಪಾದರಸದ ಮೊರೆಹೋದರು. ಹಳೆಯ ವೈದ್ಯಾಧಿಕಾರಿ ಹುದ್ದೆ ಕಳೆದುಕೊಂಡರು. ನೆಲ ಕಾರಣವೋ ಊಟ ಕಾರಣವೋ, ಸೋಂಕೋ ಅಲ್ಲವೋ ಎಂದು ಪಾರ್ಲಿಮೆಂಟಿನ ಸಮಿತಿಯ ಮುಂದೆ ವೈದ್ಯರು ಒಬ್ಬರಿಗೊಬ್ಬರು ವಿರುದ್ಧವಾಗಿ ಸಾಕ್ಷಿ ಹೇಳಿದರು. ಕೊನೆಗೆ ಸೆರೆಮನೆಯನ್ನೇ ಖಾಲಿ ಮಾಡಿ ಗಂಡಸರನ್ನು ವೂಲ್ವಿಚ್‌ನಲ್ಲಿ ಲಂಗರು ಹಾಕಿದ್ದ ಹಳೆಯ ಹಡಗುಗಳಿಗೆ ಸಾಗಿಸಿದರು. 1824ರಲ್ಲಿ ಮತ್ತೆ ತೆರೆದರು. ಆ ಜಾಗದಲ್ಲಿ ಈಗ ಇರುವುದು ಟೇಟ್ ಬ್ರಿಟನ್ ಕಲಾ ಸಂಗ್ರಹಾಲಯ.

ತಪ್ಪಾದಾಗ ಶಿಕ್ಷೆ ಯಾರಿಗೆ ಆಗುತ್ತಿತ್ತು?

ಸಾಮಾನ್ಯವಾಗಿ ಸ್ಥಳದಲ್ಲಿ ಇದ್ದವನಿಗೆ. ಇದಕ್ಕೆ ಅತ್ಯುತ್ತಮ ಉದಾಹರಣೆ ಸೆರೆಮನೆಯದಲ್ಲ, ಬೀಗ ಸರಪಳಿಗಳಲ್ಲಿ ಅದಕ್ಕೆ ಸಮನಾಗಿದ್ದ ಲಂಡನ್ನಿನ ಬೆತ್ಲೆಂ ಹುಚ್ಚಾಸ್ಪತ್ರೆಯದು. ಜಾನ್ ಹ್ಯಾಸ್ಲಮ್ 1795ರಿಂದ ಅಲ್ಲಿ ಅಪಾಥೆಕರಿ. ದಿನವೂ ರೋಗಿಗಳ ನಡುವೆ ಇರುತ್ತಿದ್ದ. ಫಿಜಿಷಿಯನ್ ಥಾಮಸ್ ಮನ್ರೋ ಅಪರೂಪಕ್ಕೆ ಬರುವವರು. 1809ರಲ್ಲಿ ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಎಂಬ ರೋಗಿಗೆ ಹುಚ್ಚಿಲ್ಲ ಎಂದು ಹೊರಗಿನ ಇಬ್ಬರು ವೈದ್ಯರು, ಬರ್ಕ್‌ಬೆಕ್ ಮತ್ತು ಕ್ಲಟರ್‌ಬಕ್, ಪ್ರಮಾಣ ಮಾಡಿದಾಗ, ಅವರ ಮಾತನ್ನು ಖಂಡಿಸಲು ಹ್ಯಾಸ್ಲಮ್ ಆ ರೋಗಿಯ ಭ್ರಮೆಗಳನ್ನೆಲ್ಲ ಅಚ್ಚು ಹಾಕಿಸಿದ. 1814ರಲ್ಲಿ ಜೇಮ್ಸ್ ನಾರಿಸ್ ಎಂಬ ರೋಗಿಯನ್ನು ವರ್ಷಗಟ್ಟಲೆ ಕಬ್ಬಿಣದ ಪಟ್ಟಿಗಳಿಂದ ಕಂಬಕ್ಕೆ ಬಿಗಿದಿದ್ದು ಬಯಲಾಯಿತು. ಪಾರ್ಲಿಮೆಂಟಿನ ಸಮಿತಿಯ ಮುಂದೆ ಹ್ಯಾಸ್ಲಮ್ ಆಡಳಿತ ಮಂಡಳಿಯತ್ತ ಬೆರಳು ತೋರಿಸಿದ, ಆಗಷ್ಟೇ ಸತ್ತಿದ್ದ ಸರ್ಜನ್ ಕುಡುಕನೂ ಮತಿಗೆಟ್ಟವನೂ ಆಗಿದ್ದ ಎಂದ. 1816ರಲ್ಲಿ ಹ್ಯಾಸ್ಲಮ್ ಮತ್ತು ಮನ್ರೋ ಇಬ್ಬರೂ ಹುದ್ದೆ ಕಳೆದುಕೊಂಡರು. ಮನ್ರೋ ಜಾಗಕ್ಕೆ ಬಂದವರಲ್ಲಿ ಒಬ್ಬರು ಅವರ ಮಗನೇ. ಹ್ಯಾಸ್ಲಮ್‌ಗೆ ಅಂಥ ಆಸರೆ ಇರಲಿಲ್ಲ.

ಕೈದಿಗಳು ಕಾಯಿಲೆಯ ಸೋಗು ಹಾಕುತ್ತಿದ್ದರೇ?

ಹಾಕುತ್ತಿದ್ದರು, ದುಡಿಮೆ ತಪ್ಪಿಸಿಕೊಳ್ಳಲು, ಒಳ್ಳೆಯ ಊಟಕ್ಕೆ. ಸೋಗನ್ನು ಪತ್ತೆ ಮಾಡುವುದು ವೈದ್ಯನ ಕೆಲಸದ ಭಾಗವೇ ಆಯಿತು. ಇದು ಅವನನ್ನು ಇತ್ತ ದರಿ ಅತ್ತ ಪುಲಿ ಎಂಬ ಸ್ಥಿತಿಗೆ ತಂದಿತು. ನಂಬಿದರೆ ಮೋಸಹೋದ ಎನ್ನುತ್ತಾರೆ, ನಂಬದಿದ್ದರೆ ಕೈದಿ ಸಾಯಬಹುದು. 1818ರಲ್ಲಿ ವಿಲಿಯಂ ಕ್ಯೂಬಿಟ್ ಬರಿ ಸೇಂಟ್ ಎಡ್ಮಂಡ್ಸ್ ಸೆರೆಮನೆಗಾಗಿ ರೂಪಿಸಿದ ತುಳಿಚಕ್ರ (ಕೈದಿಗಳು ಮೆಟ್ಟಿಲು ಹತ್ತಿದಂತೆ ತುಳಿದು ತಿರುಗಿಸಬೇಕಾದ ದೊಡ್ಡ ಚಕ್ರ) ಬೇಗನೆ ಎಲ್ಲೆಡೆ ಹರಡಿದಾಗ, ಯಾರು ಚಕ್ರ ಹತ್ತಲು ಸಮರ್ಥರು ಎಂದು ನಿರ್ಧರಿಸುವವನೂ ವೈದ್ಯನೇ ಆದ. ಆ ಚಕ್ರ, ವಿಶೇಷವಾಗಿ ಹೆಂಗಸರ ದೇಹಕ್ಕೆ, ಅಪಾಯಕರ ಎಂದು ಜಾನ್ ಮೇಸನ್ ಗುಡ್‌ರಂಥ ವೈದ್ಯರು ವಾದಿಸಿದರು. ಏನೂ ಹಾನಿಯಿಲ್ಲ ಎಂದು ಹಲವು ಜೈಲು ಸರ್ಜನ್‌ಗಳು ಬರೆದುಕೊಟ್ಟರು. ಸಂಬಳ ಕೊಡುವವರು ಮ್ಯಾಜಿಸ್ಟ್ರೇಟರು ಎಂಬುದನ್ನು ಇಲ್ಲಿ ಮರೆಯಲಾಗದು.

'ಅಪಾಥೆಕರಿ' ಎಂಬ ಹೆಸರು ಯಾವಾಗ ಮರೆಯಾಯಿತು?

1815ರ ಅಪಾಥೆಕರಿಗಳ ಕಾಯಿದೆ ಐದು ವರ್ಷದ ಶಿಷ್ಯವೃತ್ತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಆಮೇಲೆ ಹೆಚ್ಚಿನವರು ಸರ್ಜನ್ ಮತ್ತು ಅಪಾಥೆಕರಿ ಎರಡೂ ಅರ್ಹತೆ ಪಡೆಯತೊಡಗಿದರು. 1858ರಲ್ಲಿ ಎಲ್ಲ ವೈದ್ಯರಿಗೂ ಒಂದೇ ನೋಂದಣಿ ಪುಸ್ತಕ ಬಂತು. 1877ರ ಕಾಯಿದೆ ಸೆರೆಮನೆಗಳನ್ನೆಲ್ಲ ಕೇಂದ್ರ ಸರ್ಕಾರದ ಕೈಗೆ ತಂದಿತು. ಅಷ್ಟರಲ್ಲಿ ಹಳೆಯ ಹೆಸರು ಸವೆದಿತ್ತು.

ಕನ್ನಡ ನಾಡಿಗೂ ಈ ಹುದ್ದೆಗೂ ನಂಟಿದೆಯೇ?

ಇದೆ. ಬಳ್ಳಾರಿಯೂ ಕೆನರಾವೂ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಕಾಲದಲ್ಲಿ ಅಲ್ಲಿನ ವೈದ್ಯ ಇಲಾಖೆಯಲ್ಲಿ 'ಅಪಾಥೆಕರಿ' ಒಂದು ಸರ್ಕಾರಿ ದರ್ಜೆಯ ಹೆಸರಾಗಿತ್ತು. ಯುರೋಪಿಯನ್ ಸರ್ಜನ್‌ಗಳ ಕೈಕೆಳಗೆ ದುಡಿಯುವ ಇಂಥವರನ್ನು ತಯಾರು ಮಾಡಲೆಂದೇ 1835ರಲ್ಲಿ ಮದ್ರಾಸಿನಲ್ಲಿ ವೈದ್ಯಶಾಲೆ ತೆರೆದರು.

ಇಂಗ್ಲೆಂಡಿನಲ್ಲಿ ಸವೆದ ಹೆಸರು ನಮ್ಮ ಕಾನೂನಿನಲ್ಲಿ ಇನ್ನೂ ಬಹಳ ಕಾಲ ಉಳಿಯಿತು. 1894ರ ಭಾರತದ ಸೆರೆಮನೆ ಕಾಯಿದೆ ಜೈಲು ವೈದ್ಯಾಧಿಕಾರಿಯ ಕೈಕೆಳಗಿನವರು ಯಾರು ಎಂದು ಹೇಳುವಾಗ ಅಸಿಸ್ಟೆಂಟ್ ಸರ್ಜನ್, ಅಪಾಥೆಕರಿ, ಆಸ್ಪತ್ರೆ ಸಹಾಯಕ ಎಂದು ಮೂವರನ್ನು ಹೆಸರಿಸುತ್ತದೆ. ಅದೇ ಕಾಯಿದೆಯ 15ನೆಯ ವಿಧಿ, ಕೈದಿಯೊಬ್ಬ ಸತ್ತರೆ ವೈದ್ಯಾಧಿಕಾರಿ ಪುಸ್ತಕದಲ್ಲಿ ಬರೆಯಬೇಕಾದದ್ದನ್ನು ಒಂದೊಂದಾಗಿ ಹೇಳುತ್ತದೆ: ಮೊದಲು ಕಾಯಿಲೆ ಎಂದು ಹೇಳಿಕೊಂಡದ್ದು ಯಾವ ದಿನ, ಆ ದಿನ ಅವನಿಗೆ ಕೊಟ್ಟಿದ್ದ ಕೆಲಸ ಯಾವುದು, ಆ ದಿನ ಅವನ ಊಟದ ಪ್ರಮಾಣ ಎಷ್ಟು, ಆಸ್ಪತ್ರೆಗೆ ಸೇರಿಸಿದ್ದು ಯಾವಾಗ, ವೈದ್ಯನಿಗೆ ತಿಳಿಸಿದ್ದು ಯಾವಾಗ, ರೋಗ ಯಾವುದು, ಸಾಯುವ ಮೊದಲು ವೈದ್ಯ ಅವನನ್ನು ಕೊನೆಯ ಸಲ ನೋಡಿದ್ದು ಯಾವಾಗ.